ನೋವಿಲ್ಲದ ಮಚ್ಚೆ: ಕುಷ್ಠರೋಗದ ಪತ್ತೆ ಇಂದಿಗೂ ಏಕೆ ತಡವಾಗುತ್ತಿದೆ?

ಚರ್ಮದ ತೊಂದರೆಗಾಗಿ ಜನ ವೈದ್ಯರ ಬಳಿಗೆ ಹೋಗುವುದು ಬಹುಮಟ್ಟಿಗೆ ತುರಿಕೆ, ಉರಿ, ಕೀವು ಅಥವಾ ನೋವು ಕಾಣಿಸಿಕೊಂಡಾಗ. ಕುಷ್ಠರೋಗದ ಮೊದಲ ಮಚ್ಚೆಯಲ್ಲಿ ಸಾಮಾನ್ಯವಾಗಿ ಈ ನಾಲ್ಕೂ ಇರುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ತುಸು ತಿಳಿಯಾದ ಅಥವಾ ತುಸು ಕೆಂಪಾದ ಒಂದು ಗುರುತು ತೋಳಿನ ಮೇಲೋ ಬೆನ್ನಿನ ಮೇಲೋ ಮೂಡಿ, ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಅದು ಕಣ್ಣಿಗೆ ಬಿದ್ದವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಸಿಗುವುದು ಹುಳುಕಡ್ಡಿಗೆ ಹಚ್ಚುವ ಒಂದು ಟ್ಯೂಬ್. ಅದರಿಂದ ಹೋಗದಿದ್ದಾಗ ಒಬ್ಬ ವೈದ್ಯರು ಅಲರ್ಜಿ ಎನ್ನುತ್ತಾರೆ, ಇನ್ನೊಬ್ಬರು ವಿಟಮಿನ್ ಕೊರತೆ ಎನ್ನುತ್ತಾರೆ, ಮಗುವಿನ ಮುಖದ ಮೇಲಾದರೆ ದೂರು ಹೊಟ್ಟೆಯ ಜಂತುಹುಳುವಿನ ಮೇಲೆ ಹೋಗುತ್ತದೆ. ಹೀಗೆ ಒಂದೆರಡು ವರ್ಷ ಕಳೆದು, ಬಿಸಿ ಪಾತ್ರೆ ಹಿಡಿದ ಬೆರಳಿನಲ್ಲಿ ಗುಳ್ಳೆ ಎದ್ದದ್ದು ಗೊತ್ತೇ ಆಗದಿದ್ದಾಗ, ಅಥವಾ ಕಾಲಿನಿಂದ ಚಪ್ಪಲಿ ಜಾರಿದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿದಾಗ, ಯಾರೋ ಒಬ್ಬರು ಸರಿಯಾದ ಹೆಸರು ಹೇಳುತ್ತಾರೆ. ಆ ದಿನ ರೋಗಿ ಕೇಳುವ ಮೊದಲ ಪ್ರಶ್ನೆ ಇದು ಗುಣವಾಗುತ್ತದೆಯೆ ಎಂಬುದಾದರೆ, ಎರಡನೆಯದು ಇಷ್ಟು ದಿನ ಇದು ಯಾರಿಗೂ ಏಕೆ ಕಾಣಲಿಲ್ಲ ಎಂಬುದು. ಮೊದಲ ಪ್ರಶ್ನೆಗೆ ವೈದ್ಯಶಾಸ್ತ್ರದ ಬಳಿ ನಾಲ್ಕು ದಶಕಗಳಿಂದ ಸ್ಪಷ್ಟ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಕೊಡುವ ಹೊಣೆಯನ್ನು ಯಾರೂ ಹೊತ್ತುಕೊಂಡಂತೆ ಕಾಣುವುದಿಲ್ಲ.

ಕುಷ್ಠ ಎಂದರೆ ಹಳೆಯ ಕಾಲದ ರೋಗ, ಈಗ ಅದು ಎಲ್ಲಿದೆ ಎಂದು ಕೇಳುವವರು ಇದ್ದಾರೆ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. 2023ರಲ್ಲಿ ಆ ಸಂಖ್ಯೆ ಒಂದು ಲಕ್ಷವನ್ನು ದಾಟಿತ್ತು. ಇವರಲ್ಲಿ ಮಕ್ಕಳೂ ಇದ್ದಾರೆ, ರೋಗ ಗೊತ್ತಾಗುವ ಹೊತ್ತಿಗೇ ಕೈಕಾಲಿನಲ್ಲಿ ಕಣ್ಣಿಗೆ ಕಾಣುವ ಊನ ಉಂಟಾದವರೂ ಇದ್ದಾರೆ. ಈ ಎರಡನೆಯ ಗುಂಪಿನ ಪ್ರತಿಯೊಬ್ಬರೂ ತಡವಾಗಿ ಪತ್ತೆಯಾದವರೇ, ಏಕೆಂದರೆ ಕುಷ್ಠದಲ್ಲಿ ಊನ ಒಂದೇ ದಿನದಲ್ಲಿ ಬರುವುದಿಲ್ಲ.

ರೋಗಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಲೆಪ್ರೆ ಎಂಬ ಬ್ಯಾಕ್ಟೀರಿಯಾವನ್ನು ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಆರ್ಮೌರ್ ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದರು. ಮನುಷ್ಯನ ರೋಗವೊಂದಕ್ಕೆ ಬ್ಯಾಕ್ಟೀರಿಯಾವೇ ಕಾರಣ ಎಂದು ಹೇಳಿದ ಮೊದಲ ಶೋಧಗಳಲ್ಲಿ ಅದೂ ಒಂದು. ಹಾಗಿದ್ದೂ ಇಂದಿನವರೆಗೆ ಆ ಜೀವಿಯನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಲು ಯಾರಿಗೂ ಸಾಧ್ಯವಾಗಿಲ್ಲ. ಇದು ರೋಗಿಯ ಪಾಲಿಗೆ ಬಹಳ ದೊಡ್ಡ ಸಂಗತಿ: ಬೇರೆ ಗಾಯಗಳಲ್ಲಿ ಮಾಡುವಂತೆ ಕೀವನ್ನು ಲ್ಯಾಬಿಗೆ ಕಳುಹಿಸಿ, ಮೂರು ದಿನದಲ್ಲಿ ಯಾವ ಸೋಂಕು ಎಂದು ವರದಿ ತರಿಸುವ ದಾರಿ ಇಲ್ಲಿಲ್ಲ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ 20 ನಿಮಿಷದಲ್ಲಿ ಇಮ್ಮಡಿಯಾಗುತ್ತವೆ. ಇದಕ್ಕೆ ಎರಡು ವಾರದಷ್ಟು ಕಾಲ ಬೇಕು. ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷದವರೆಗೂ ಹಿಡಿಯುತ್ತದೆ. ದೇಹದ ತಂಪಾದ ಭಾಗಗಳೆಂದರೆ ಅದಕ್ಕೆ ಇಷ್ಟ, ಆದ್ದರಿಂದ ಅದು ಚರ್ಮದಲ್ಲಿ, ಕಿವಿಯ ಹಾಲೆಯಲ್ಲಿ, ಮೂಗಿನ ಒಳಪದರದಲ್ಲಿ ಮತ್ತು ಚರ್ಮಕ್ಕೆ ಹತ್ತಿರದಲ್ಲಿ ಹಾದುಹೋಗುವ ನರಗಳಲ್ಲಿ ನೆಲೆಸುತ್ತದೆ. ನರದ ಹೊದಿಕೆಯ ಕೋಶಗಳೊಳಗೆ ಸೇರಿ ಬದುಕುವುದು ಈ ಬ್ಯಾಕ್ಟೀರಿಯಾದ ವಿಶೇಷ. ಹೊರಗೆ ಕಾಣುವುದು ಚರ್ಮದ ಮಚ್ಚೆಯಾದರೂ ನಿಜವಾದ ನಷ್ಟ ನಡೆಯುತ್ತಿರುವುದು ಒಳಗಿನ ನರದಲ್ಲಿ.

ನರ ಕೆಟ್ಟಿದೆಯೆ ಎಂದು ನೋಡಲು ಯಂತ್ರ ಬೇಕಾಗಿಲ್ಲ. ರೋಗಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯನ್ನು ಚೂಪಾಗಿ ಹೊಸೆದು, ಒಮ್ಮೆ ಮಚ್ಚೆಯ ಮೇಲೆ, ಒಮ್ಮೆ ಮಚ್ಚೆಯ ಹೊರಗೆ ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಬೇಕು. ಆಮೇಲೆ ಮೊಣಕೈಯ ಒಳಬದಿಯಲ್ಲಿ, ಮೊಣಕಾಲಿನ ಹೊರಬದಿಯ ಕೆಳಗೆ, ಕಿವಿಯ ಕೆಳಗಿನ ಕತ್ತಿನಲ್ಲಿ ನರಗಳು ದಪ್ಪವಾಗಿವೆಯೆ ಎಂದು ಬೆರಳಿನಲ್ಲಿ ಹೊರಳಿಸಿ ನೋಡಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು. ರೋಗಿ ತಾನೇ ಗಮನಿಸಬಹುದಾದ ಸುಳಿವುಗಳೂ ಇವೆ: ಹೊಲದಲ್ಲಿ ದುಡಿದು ಮೈಯೆಲ್ಲ ಬೆವತಾಗಲೂ ಆ ಒಂದು ಮಚ್ಚೆ ಮಾತ್ರ ಒಣಗಿ ಧೂಳು ಹಿಡಿದಂತಿರುತ್ತದೆ, ಅಲ್ಲಿನ ಕೂದಲು ಉದುರಿರುತ್ತದೆ, ಸ್ನಾನದ ನೀರಿನ ಬಿಸಿ ಅಲ್ಲಿ ಮುಟ್ಟುವುದಿಲ್ಲ. ಬಿಸಿ-ತಂಪಿನ ಅರಿವು ಮೊದಲು ಹೋಗಿ, ಸ್ಪರ್ಶದ ಅರಿವು ಆಮೇಲೆ ಹೋಗುವುದರಿಂದ, ಹತ್ತಿಯ ಪರೀಕ್ಷೆ ಸರಿ ಬಂದರೂ ಬಿಸಿನೀರಿನ ಸುಳಿವನ್ನು ಕಡೆಗಣಿಸಬಾರದು.

ಇಷ್ಟು ಸುಲಭದ ಪರೀಕ್ಷೆ ಇರುವಾಗ ತಪ್ಪು ಎಲ್ಲಿ ಆಗುತ್ತದೆ ಎಂದರೆ, ಪರೀಕ್ಷೆ ಮಾಡುವ ಯೋಚನೆಯೇ ಬರದಿರುವಲ್ಲಿ. ಇದಕ್ಕೆ ಕಳೆದ ಒಂದು ದಶಕದಲ್ಲಿ ಹೊಸದೊಂದು ಕಾರಣ ಸೇರಿಕೊಂಡಿದೆ. ದೇಶದಾದ್ಯಂತ ಹುಳುಕಡ್ಡಿ, ಅಂದರೆ ಚರ್ಮದ ಶಿಲೀಂಧ್ರ ಸೋಂಕು, ಮೊದಲಿನ ಔಷಧಗಳಿಗೆ ಬಗ್ಗದ ರೀತಿಯಲ್ಲಿ ಹಬ್ಬಿದೆ. ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು 2020ರಲ್ಲಿ ಹೆಸರು ಪಡೆದ ಶಿಲೀಂಧ್ರ ಇದರಲ್ಲಿ ದೊಡ್ಡ ಪಾತ್ರ ವಹಿಸಿದೆ. ದಿನಕ್ಕೆ ಹತ್ತಾರು ಹುಳುಕಡ್ಡಿ ನೋಡುವ ವೈದ್ಯರಿಗೆ ಅಂಚು ಉಬ್ಬಿದ, ದುಂಡನೆಯ, ನಡುವೆ ತಿಳಿಯಾದ ಪ್ರತಿ ಮಚ್ಚೆಯೂ ಹುಳುಕಡ್ಡಿಯಾಗಿಯೇ ಕಾಣುವುದು ಮನುಷ್ಯಸಹಜ. ಆದರೆ ಕುಷ್ಠದ ಒಂದು ಬಗೆಯ ಮಚ್ಚೆಯೂ ಹಾಗೆಯೇ ಇರುತ್ತದೆ. ತುರಿಕೆ ಇದೆಯೆ ಎಂಬ ಒಂದು ಪ್ರಶ್ನೆ ಇವೆರಡನ್ನು ಬಹುಮಟ್ಟಿಗೆ ಬೇರೆ ಮಾಡುತ್ತದೆ. ಮಚ್ಚೆಯ ಅಂಚನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮಾತ್ರೆಯನ್ನು ತಿಂಗಳುಗಟ್ಟಲೆ ಬರೆದುಕೊಡುವ ಮೊದಲು ಈ ಪರೀಕ್ಷೆ ಮಾಡುವವರು ಬಹಳ ಕಡಿಮೆ.

ಮೆಡಿಕಲ್ ಶಾಪಿನ ಟ್ಯೂಬ್ ಇನ್ನೊಂದು ತೊಡಕು ತರುತ್ತದೆ. ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ ಮತ್ತು ಪ್ರಬಲ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮುಲಾಮುಗಳು ನಮ್ಮಲ್ಲಿ ಸಾಬೂನಿನಷ್ಟು ಸಲೀಸಾಗಿ ಮಾರಾಟವಾಗುತ್ತವೆ. ಚರ್ಮವೈದ್ಯರ ರಾಷ್ಟ್ರೀಯ ಸಂಘಟನೆ ಇದರ ವಿರುದ್ಧ ಹೋರಾಡಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಬಂದರೂ ಕೌಂಟರಿನಲ್ಲಿ ಹೆಚ್ಚೇನೂ ಬದಲಾಗಿಲ್ಲವೆಂಬುದು ಯಾವ ಊರಿನ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ನಿಂತು ನೋಡಿದರೂ ತಿಳಿಯುತ್ತದೆ. ಸ್ಟೀರಾಯ್ಡ್ ಹಚ್ಚಿದಾಗ ಮಚ್ಚೆಯ ಕೆಂಪು ಇಳಿಯುತ್ತದೆ, ಅಂಚು ಮಸುಕಾಗುತ್ತದೆ. ರೋಗಿಗೆ ಗುಣವಾದಂತೆ ತೋರುತ್ತದೆ, ಮುಂದೆ ನೋಡುವ ವೈದ್ಯರಿಗೆ ಮೂಲ ರೂಪ ಸಿಗುವುದಿಲ್ಲ. ಬ್ಯಾಕ್ಟೀರಿಯಾ ಮಾತ್ರ ಇದ್ದಲ್ಲಿಯೇ ಇರುತ್ತದೆ.

ನಮ್ಮ ಭಾಷೆಯಲ್ಲಿಯೂ ಒಂದು ಗೊಂದಲ ಹಿಂದಿನಿಂದ ಬೇರೂರಿದೆ. ಹಾಲಿನಂತೆ ಬೆಳ್ಳಗಾಗುವ ತೊನ್ನಿಗೆ ಸಂಸ್ಕೃತದಿಂದ ಬಂದ ಹೆಸರು ಶ್ವೇತಕುಷ್ಠ. ತೊನ್ನಿಗೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ತೊನ್ನು ಸೋಂಕಲ್ಲ, ಅದರಲ್ಲಿ ಸ್ಪರ್ಶದ ಅರಿವು ಪೂರ್ತಿಯಾಗಿ ಉಳಿದಿರುತ್ತದೆ. ಕುಷ್ಠದ ಮಚ್ಚೆ ತಿಳಿಯಾಗಬಹುದೇ ಹೊರತು ಅಚ್ಚ ಬಿಳಿಯಾಗುವುದಿಲ್ಲ. ಈ ಹೆಸರಿನ ಬೆರಕೆಯಿಂದ ತೊನ್ನು ಇರುವವರು ಇಲ್ಲದ ರೋಗದ ಕಳಂಕವನ್ನು ಹೊರುತ್ತಾರೆ, ಕುಷ್ಠ ಇರುವವರು ತಮ್ಮ ಮಚ್ಚೆ ಬೆಳ್ಳಗಿಲ್ಲವೆಂದು ನೆಮ್ಮದಿಯಿಂದಿರುತ್ತಾರೆ. ಚಿಬ್ಬು ಎಂದು ಹಳ್ಳಿಗಳಲ್ಲಿ ಕರೆಯುವ ತಿಳಿ ಮಚ್ಚೆಗಳ ಮರೆಯಲ್ಲಿಯೂ ಕುಷ್ಠ ಅಡಗಿ ಕೂರುತ್ತದೆ.

ಪದಗಳ ವಿಷಯ ಬಂದಾಗ ಹೇಳಲೇಬೇಕಾದ ಇನ್ನೊಂದು ಪದ ನಿರ್ಮೂಲನೆ. 1955ರಲ್ಲಿ ಕುಷ್ಠರೋಗ ನಿಯಂತ್ರಣ ಎಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ 1983ರಲ್ಲಿ ನಿರ್ಮೂಲನಾ ಕಾರ್ಯಕ್ರಮ ಎಂಬ ಹೆಸರು ಬಂದಿತು. 2005ರ ಡಿಸೆಂಬರ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಗುರಿ ಮುಟ್ಟಿತೆಂದು ಘೋಷಣೆಯಾಯಿತು. ಆ ಗುರಿ ಏನೆಂದರೆ, 10,000 ಜನರಲ್ಲಿ ಚಿಕಿತ್ಸೆಯಲ್ಲಿರುವ ರೋಗಿಗಳ ಸಂಖ್ಯೆ ಒಂದಕ್ಕಿಂತ ಕಡಿಮೆಯಾಗುವುದು. ಕನ್ನಡದಲ್ಲಿ ನಿರ್ಮೂಲನೆ ಎಂದರೆ ಬೇರು ಸಮೇತ ಕಿತ್ತದ್ದು. ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಪರಿಗಣಿಸುವ ಮಿತಿಗಿಂತ ಕೆಳಗಿಳಿಯಿತು ಎಂಬ ತಾಂತ್ರಿಕ ಅರ್ಥ ಆ ಪದದಲ್ಲಿ ಕೇಳಿಸುವುದೇ ಇಲ್ಲ. ಜೊತೆಗೆ ಆ ಅಳತೆಗೋಲನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಒಂದು ದಿನ ಚಿಕಿತ್ಸೆಯಲ್ಲಿರುವವರನ್ನು ಎಣಿಸುವ ಲೆಕ್ಕ ಅದು. ಹೆಚ್ಚು ಮಚ್ಚೆಗಳಿರುವ ರೋಗಿಗಳ ಚಿಕಿತ್ಸೆಯನ್ನು 24 ತಿಂಗಳಿಂದ 12 ತಿಂಗಳಿಗೆ ಇಳಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1997ರಲ್ಲಿ ಸೂಚಿಸಿದ ಮೇಲೆ, ಹೊಸಬರು ಅಷ್ಟೇ ಸಂಖ್ಯೆಯಲ್ಲಿ ಬರುತ್ತಿದ್ದರೂ ಪಟ್ಟಿಯಲ್ಲಿ ಉಳಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಚಿಕಿತ್ಸೆಯ ಅವಧಿ ಇಳಿದದ್ದು ರೋಗಿಗಳಿಗೆ ಒಳ್ಳೆಯದೇ ಆಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಿ ಚಿಕ್ಕದಾದದ್ದನ್ನೇ ರೋಗ ಹರಡುವುದು ನಿಂತದ್ದೆಂದು ಓದಿಕೊಂಡದ್ದು ತಪ್ಪಾಯಿತು.

ಅದೇ ವರ್ಷಗಳಲ್ಲಿ ಕುಷ್ಠಕ್ಕೆಂದೇ ಮೀಸಲಾಗಿದ್ದ ಸಿಬ್ಬಂದಿ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿದರು, ಮನೆಮನೆಗೆ ಹೋಗಿ ಬಟ್ಟೆ ಸರಿಸಿ ಬೆನ್ನು ನೋಡುತ್ತಿದ್ದ ಸಮೀಕ್ಷೆಗಳು ನಿಂತವು. ಕರ್ನಾಟಕದಲ್ಲಿ ಈ ಆರೈಕೆಗೆ ದೀರ್ಘ ಪರಂಪರೆಯಿದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿಯೇ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದಿದ್ದರು. ಪ್ರತ್ಯೇಕ ಆಸ್ಪತ್ರೆಗಳಿಂದ ರೋಗಿಯನ್ನು ಬಿಡಿಸಿ ಎಲ್ಲರಂತೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಔಷಧ ಕೊಡುವ ನಿರ್ಧಾರ ಮಾನವೀಯವಾಗಿತ್ತು, ಅದನ್ನು ನಾನು ಸರಿಯೆಂದೇ ಭಾವಿಸುತ್ತೇನೆ. ಆದರೆ ಪ್ರತ್ಯೇಕ ವ್ಯವಸ್ಥೆಯೊಳಗೆ ಬೆಳೆದಿದ್ದ ಬೆರಳಿನ ಜಾಣ್ಮೆ, ಅಂದರೆ ಮೊಣಕೈಯ ನರವನ್ನು ಮುಟ್ಟಿದೊಡನೆ ಅದು ದಪ್ಪವಾಗಿದೆಯೆಂದು ಹೇಳಬಲ್ಲ ಅನುಭವ, ಜೊತೆಯಲ್ಲಿ ವರ್ಗವಾಗಲಿಲ್ಲ. ಮಚ್ಚೆಯ ಅಥವಾ ಕಿವಿಹಾಲೆಯ ಚರ್ಮವನ್ನು ಸಣ್ಣದಾಗಿ ಸೀಳಿ ರಸ ತೆಗೆದು ಬ್ಯಾಕ್ಟೀರಿಯಾ ಹುಡುಕುವ ಸ್ಮಿಯರ್ ಪರೀಕ್ಷೆ ಬಲ್ಲ ತಂತ್ರಜ್ಞರು ನಿವೃತ್ತರಾದಂತೆ ಆ ಪರೀಕ್ಷೆಯೂ ವಿರಳವಾಯಿತು. 2016ರಿಂದ ರೋಗಿಗಳನ್ನು ಹುಡುಕಿಕೊಂಡು ಹೋಗುವ ಅಭಿಯಾನಗಳು ಮತ್ತೆ ಆರಂಭವಾಗಿವೆ, ಪ್ರತಿ ಜನವರಿ 30ರಂದು ಸ್ಪರ್ಶ ಜಾಗೃತಿ ಅಭಿಯಾನ ನಡೆಯುತ್ತದೆ, ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬರುತ್ತಾರೆ. ಅವರು ಅನುಮಾನದಿಂದ ಕಳುಹಿಸಿದ ರೋಗಿಯನ್ನು ನೋಡಿ ಖಚಿತವಾಗಿ ಹೇಳಬಲ್ಲವರು ಆ ಆರೋಗ್ಯ ಕೇಂದ್ರದಲ್ಲಿ ಇದ್ದಾಗ ಮಾತ್ರ ಆ ಶ್ರಮ ಫಲಿಸುತ್ತದೆ.

ಆರೋಗ್ಯ ಕೇಂದ್ರಗಳ ಗೋಡೆಗಳ ಮೇಲೆ ನಾವೆಲ್ಲ ಓದಿರುವ ಸಾಲು ಇದೆ: ತಿಳಿ ಬಿಳಿ ಅಥವಾ ತಾಮ್ರವರ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕುಷ್ಠರೋಗವಾಗಿರಬಹುದು. ಆ ಸಾಲು ನಿಜ, ಅದರಿಂದ ಎಷ್ಟೋ ಜನಕ್ಕೆ ಉಪಕಾರವಾಗಿದೆ. ಆದರೆ ರೋಗದ ಎಲ್ಲ ಮುಖಗಳೂ ಅದರಲ್ಲಿಲ್ಲ. ಮುಖದ ಚರ್ಮಕ್ಕೆ ನರಗಳು ದಟ್ಟವಾಗಿರುವುದರಿಂದ ಮಗುವಿನ ಕೆನ್ನೆಯ ಮಚ್ಚೆಯಲ್ಲಿ ಸ್ಪರ್ಶ ಉಳಿದೇ ಇರಬಹುದು. ಬ್ಯಾಕ್ಟೀರಿಯಾ ಅತಿ ಹೆಚ್ಚಾಗಿರುವ ಬಗೆಯಲ್ಲಿ ಮಚ್ಚೆಯೇ ಎದ್ದು ಕಾಣುವುದಿಲ್ಲ. ಇಡೀ ಚರ್ಮ ನುಣುಪಾಗಿ ಹೊಳೆಯುತ್ತದೆ, ಕಿವಿಯ ಹಾಲೆ ದಪ್ಪವಾಗುತ್ತದೆ, ಹುಬ್ಬಿನ ಹೊರತುದಿಯ ಕೂದಲು ಉದುರುತ್ತದೆ, ಮೂಗು ಕಟ್ಟುತ್ತದೆ. ಇತರರಿಗೆ ಹರಡುವ ಸಾಧ್ಯತೆ ಹೆಚ್ಚಿರುವುದು ಈ ಬಗೆಯಲ್ಲಿಯೇ, ಮತ್ತು ಗೋಡೆಯ ಬರಹ ಕೈಬಿಟ್ಟಿರುವುದೂ ಇದನ್ನೇ. ಚರ್ಮದಲ್ಲಿ ಏನೂ ಇಲ್ಲದೆ ನರ ಮಾತ್ರ ಕೆಡುವ ಬಗೆಯೂ ನಮ್ಮ ದೇಶದಲ್ಲಿದೆ. ಅಂಥವರ ಕಿರುಬೆರಳು, ಉಂಗುರಬೆರಳು ಮಡಚಿಕೊಳ್ಳತೊಡಗಿದಾಗ ಕತ್ತಿನ ಮೂಳೆ ಸವೆದಿದೆ ಎಂದು ಎಂಆರ್‌ಐ ಮಾಡಿಸುತ್ತಾರೆ. ಪಾದದಲ್ಲಿ ನೋವಿಲ್ಲದ ಹುಣ್ಣು ಆದಾಗ, ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ಈ ದಿನಗಳಲ್ಲಿ, ರಕ್ತದ ಸಕ್ಕರೆ ತುಸು ಹೆಚ್ಚಿದ್ದರೂ ಸಾಕು, ವಿಚಾರಣೆ ಅಲ್ಲಿಗೇ ಮುಗಿಯುತ್ತದೆ.

ತಪ್ಪು ಪತ್ತೆಯ ಅತ್ಯಂತ ದುಬಾರಿಯಾದ ರೂಪ ಕಾಣುವುದು ರಿಯಾಕ್ಷನ್ ಎಂದು ವೈದ್ಯರು ಕರೆಯುವ ಸ್ಥಿತಿಯಲ್ಲಿ. ದೇಹದ ರೋಗನಿರೋಧಕ ಶಕ್ತಿ ಬ್ಯಾಕ್ಟೀರಿಯಾದ ವಿರುದ್ಧ ಇದ್ದಕ್ಕಿದ್ದಂತೆ ಕೆರಳಿದಾಗ ಹಳೆಯ ಮಚ್ಚೆಗಳು ಕೆಂಪೇರಿ ಊದಿಕೊಳ್ಳುತ್ತವೆ. ನೋಡಿದವರು ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಬ್ಯಾಕ್ಟೀರಿಯಾ ಸೋಂಕು, ಎಂದು ಆಂಟಿಬಯೋಟಿಕ್ ಕೊಡುತ್ತಾರೆ, ಇಲ್ಲವೇ ಔಷಧದ ಅಲರ್ಜಿ ಎನ್ನುತ್ತಾರೆ. ಆ ಕೆಲವು ವಾರಗಳಲ್ಲಿ ನರ ಊದಿಕೊಂಡು ಕೈ ಅಥವಾ ಪಾದ ಬಲ ಕಳೆದುಕೊಳ್ಳುತ್ತದೆ. ಸರಿಯಾದ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ತಡಮಾಡದೆ ಆರಂಭಿಸಿದರೆ ಬಲ ಮರಳುವ ಅವಕಾಶ ಚೆನ್ನಾಗಿದೆ, ಆರು ತಿಂಗಳು ಮೀರಿದ ಮೇಲೆ ಆ ಅವಕಾಶ ಬಹಳ ಕಡಿಮೆ. ಇನ್ನೊಂದು ಬಗೆಯ ರಿಯಾಕ್ಷನ್‌ನಲ್ಲಿ ಜ್ವರ, ಕೀಲುನೋವು, ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಒಟ್ಟಿಗೆ ಬರುತ್ತವೆ. ಇದನ್ನು ಸಂಧಿವಾತವೆಂದು ತಿಳಿಯುವುದು ಅಪರೂಪವಲ್ಲ, ಏಕೆಂದರೆ ಕುಷ್ಠದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆಯೂ ಪಾಸಿಟಿವ್ ಬರಬಹುದು. ಸಂಧಿವಾತಕ್ಕೆಂದು ಕೊಟ್ಟ ಸ್ಟೀರಾಯ್ಡ್‌ನಿಂದ ಒಂದೆರಡು ದಿನದಲ್ಲಿ ಜ್ವರವೂ ನೋವೂ ಇಳಿದಾಗ ರೋಗಿಗೂ ವೈದ್ಯರಿಗೂ ತಪ್ಪು ಹೆಸರೇ ಸರಿಯೆಂದು ಇನ್ನಷ್ಟು ದೃಢವಾಗುತ್ತದೆ. ಮಾತ್ರೆ ನಿಲ್ಲಿಸಿದ ಕೂಡಲೇ ಎಲ್ಲವೂ ಮರಳಿ ಬರುತ್ತದೆ, ಮತ್ತೆ ಅದೇ ಮಾತ್ರೆ ಬರುತ್ತದೆ. ಈ ಸುತ್ತಿನಲ್ಲಿ ವರ್ಷಗಳನ್ನು ಕಳೆದ ರೋಗಿ ಮೂಲರೋಗದ ಜೊತೆಗೆ ಸ್ಟೀರಾಯ್ಡ್‌ನ ಮಧುಮೇಹವನ್ನೂ ಸವೆದ ಮೂಳೆಗಳನ್ನೂ ಹೊತ್ತು ಬರುತ್ತಾರೆ.

ಉತ್ತರ ಹುಡುಕಿ ಹೊರಟ ರೋಗಿಗೆ ಲ್ಯಾಬ್ ವರದಿಗಳೂ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ಐದಕ್ಕಿಂತ ಹೆಚ್ಚು ಮಚ್ಚೆಗಳಿಲ್ಲದವರಲ್ಲಿ ಬ್ಯಾಕ್ಟೀರಿಯಾ ಎಷ್ಟು ಕಡಿಮೆಯಿರುತ್ತದೆಂದರೆ ಸ್ಮಿಯರ್ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಮೊದಲ ಹಂತದ ಮಚ್ಚೆಯ ಬಯಾಪ್ಸಿಯಲ್ಲಿ, ಅಂದರೆ ಚರ್ಮದ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯಲ್ಲಿ, ಯಾವ ರೋಗದಲ್ಲಾದರೂ ಕಾಣಬಹುದಾದ ಉರಿಯೂತವಷ್ಟೇ ಕಂಡು, ವರದಿಯಲ್ಲಿ ನಿರ್ದಿಷ್ಟವಾಗಿ ಏನೂ ಇಲ್ಲ ಎಂದು ಬರೆದಿರುತ್ತದೆ. ಆದ್ದರಿಂದ ನೆಗೆಟಿವ್ ಎಂಬ ಒಂದು ಪದವನ್ನು ರೋಗವಿಲ್ಲ ಎಂಬುದಕ್ಕೆ ಪ್ರಮಾಣವೆಂದು ಒಪ್ಪಿಕೊಳ್ಳದೆ, ಮಚ್ಚೆಯ ಸ್ಪರ್ಶ ಪರೀಕ್ಷೆ ಮಾಡಿದಿರಾ, ನರಗಳನ್ನು ಮುಟ್ಟಿ ನೋಡಿದಿರಾ, ಬಯಾಪ್ಸಿಯನ್ನು ಮಚ್ಚೆಯ ಅಂಚಿನಿಂದ ತೆಗೆದರಾ, ಈ ಬ್ಯಾಕ್ಟೀರಿಯಾಕ್ಕೆಂದೇ ಬಳಸುವ ಫೈಟ್ ಬಣ್ಣ ಹಾಕಿ ನೋಡಿದರಾ ಎಂದು ಕೇಳುವ ಹಕ್ಕು ರೋಗಿಗಿದೆ. ಮುಲಾಮು ಹಚ್ಚುವುದನ್ನು ನಿಲ್ಲಿಸಿ, ಹಳೆಯ ಚೀಟಿಗಳನ್ನೂ ತಿಂಗಳಿಗೊಮ್ಮೆ ತೆಗೆದ ಮಚ್ಚೆಯ ಫೋಟೋಗಳನ್ನೂ ಕೊಂಡೊಯ್ದರೆ ಮುಂದಿನ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗ ಇದಕ್ಕೆ ಒಳ್ಳೆಯ ಜಾಗ, ಮತ್ತು ಔಷಧ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಉಚಿತ.

ವಿದೇಶಕ್ಕೆ ಹೋದ ಕನ್ನಡಿಗರಿಗೆ ಈ ತೊಡಕು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಊರಲ್ಲಿ ತಗುಲಿದ ಸೋಂಕು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಏಳೆಂಟು ವರ್ಷಗಳಾದ ಮೇಲೆ ಮಚ್ಚೆಯಾಗಿ ಮೂಡಬಹುದು. ಅಲ್ಲಿನ ವೈದ್ಯರು ವೃತ್ತಿಜೀವನದಲ್ಲಿ ಒಮ್ಮೆಯೂ ಕುಷ್ಠವನ್ನು ನೋಡಿರದಿರುವುದೇ ಹೆಚ್ಚು. ತಾನು ಹುಟ್ಟಿ ಬೆಳೆದ ದೇಶದಲ್ಲಿ ಈ ರೋಗ ಇನ್ನೂ ಇದೆ ಎಂಬ ಒಂದು ವಾಕ್ಯವನ್ನು ರೋಗಿಯೇ ಹೇಳಬೇಕಾಗುತ್ತದೆ.

ಹೆಸರು ಹೇಳುವುದಕ್ಕೆ ವೈದ್ಯರು ಹಿಂಜರಿಯುವುದೂ ವಿಳಂಬದ ಒಂದು ಭಾಗವೇ. ಹೇಳಿದರೆ ರೋಗಿಯ ಮನೆಯಲ್ಲಿ ಏನಾಗಬಹುದೆಂಬ ಅಳುಕು ಅದರ ಹಿಂದಿದೆ. ಕುಷ್ಠರೋಗಿಗಳನ್ನು ಕೂಡಿಹಾಕಲು ಅವಕಾಶ ಕೊಟ್ಟಿದ್ದ 1898ರ ಬ್ರಿಟಿಷ್ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಇಟ್ಟುಕೊಂಡಿದ್ದ ವೈಯಕ್ತಿಕ ಕಾನೂನುಗಳು ತಿದ್ದುಪಡಿಯಾದದ್ದು 2019ರಲ್ಲಿ. ಚಿಕಿತ್ಸೆಯ ಮೊದಲ ಡೋಸುಗಳಿಂದಲೇ ರೋಗ ಹರಡುವುದು ನಿಲ್ಲುತ್ತದೆ, ಬಹುಪಾಲು ಜನರಿಗೆ ಇದರ ವಿರುದ್ಧ ಸಹಜ ನಿರೋಧಕ ಶಕ್ತಿಯಿದೆ, 6 ಅಥವಾ 12 ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ ಎಂಬ ಮೂರು ಮಾತುಗಳನ್ನು ಹೆಸರಿನ ಜೊತೆಯಲ್ಲಿಯೇ ಹೇಳಿದರೆ ಆ ಅಳುಕಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಚಿಕಿತ್ಸೆಯ ಔಷಧಗಳಲ್ಲಿ ಒಂದಾದ ಕ್ಲೋಫಾಜಿಮೈನ್‌ನಿಂದ ಚರ್ಮ ಕಪ್ಪಾಗುತ್ತದೆ, ಔಷಧ ನಿಂತ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ ಎಂಬುದನ್ನೂ ಮೊದಲೇ ಹೇಳಬೇಕು. ಹೇಳದೆ ಬಿಟ್ಟಾಗ ಬಣ್ಣ ನೋಡಿ ಹೆದರಿ ಮಾತ್ರೆ ಬಿಡುವವರಿದ್ದಾರೆ. ಈಗಾಗಲೇ ಕಳೆದುಹೋದ ಸ್ಪರ್ಶ ಔಷಧದಿಂದ ಮರಳದಿರಬಹುದು. ನೋವಿನ ಅರಿವಿಲ್ಲದ ಕೈಕಾಲು ಪ್ರತಿದಿನದ ಸಣ್ಣ ಗಾಯಗಳಿಂದಲೇ ಬೆರಳು ಕಳೆದುಕೊಳ್ಳುತ್ತದೆ ಎಂಬುದನ್ನು ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕಳೆದ ಶತಮಾನದ ನಡುವಿನಲ್ಲಿಯೇ ತೋರಿಸಿಕೊಟ್ಟರು. ಹಾಗಾಗಿ ರೋಗ ವಾಸಿಯಾದ ಮೇಲೂ ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳುವುದು, ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚುವುದು, ಬಟ್ಟೆಯಿಲ್ಲದೆ ಒಲೆಯ ಪಾತ್ರೆ ಮುಟ್ಟದಿರುವುದು ಜೀವಮಾನದ ಕೆಲಸವಾಗುತ್ತದೆ.

ಮೊದಲ ಪ್ಯಾರಾದ ಎರಡನೆಯ ಪ್ರಶ್ನೆಗೆ ಮರಳುತ್ತೇನೆ. ಮಚ್ಚೆಯನ್ನು ಮೊದಲು ನೋಡಿದ ವೈದ್ಯರಿಗೆ ತಮ್ಮ ತಪ್ಪು ತಿಳಿಯುವ ದಾರಿಯೇ ಇಂದು ಇಲ್ಲ. ಗುಣವಾಗದ ರೋಗಿ ಅವರ ಬಳಿಗೆ ಹಿಂತಿರುಗುವುದಿಲ್ಲ, ಬೇರೆ ಕಡೆಗೆ ಹೋಗುತ್ತಾರೆ. ಮೊದಲಿನವರ ಮನಸ್ಸಿನಲ್ಲಿ ಅದು ಗುಣವಾದ ಹುಳುಕಡ್ಡಿಯಾಗಿಯೇ ಉಳಿದಿರುತ್ತದೆ. ಹೊಸ ರೋಗಿಯ ದಾಖಲೆಯಲ್ಲಿ ಮಚ್ಚೆಗಳೆಷ್ಟು, ಊನದ ಮಟ್ಟವೆಷ್ಟು ಎಂದು ಬರೆದುಕೊಳ್ಳುವ ಜಾಗದಲ್ಲಿಯೇ, ಮೊದಲ ಲಕ್ಷಣ ಯಾವಾಗ ಕಂಡಿತು, ಆಮೇಲೆ ಎಷ್ಟು ಜನ ವೈದ್ಯರು ನೋಡಿದರು, ಯಾವ ಯಾವ ಹೆಸರು ಹೇಳಿದರು ಎಂಬುದನ್ನೂ ಬರೆದುಕೊಂಡು, ದೂರಿನ ದನಿಯಿಲ್ಲದ ಒಂದು ಪತ್ರವನ್ನು ಆ ಪ್ರತಿಯೊಬ್ಬ ವೈದ್ಯರಿಗೂ ಜಿಲ್ಲೆಯ ಕುಷ್ಠರೋಗ ವಿಭಾಗ ಕಳುಹಿಸಬಹುದು. ಇದಕ್ಕೆ ಹೊಸ ಔಷಧವೂ ಬೇಡ, ಹೊಸ ಯಂತ್ರವೂ ಬೇಡ. ರೋಗಿಯ ಮನೆಯವರನ್ನು ಪರೀಕ್ಷಿಸಿ ರೋಗ ತಡೆಯಲು ಒಂದೇ ಡೋಸ್ ರಿಫಾಂಪಿಸಿನ್ ಎಂಬ ಆಂಟಿಬಯೋಟಿಕ್ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದೆ, ನಮ್ಮಲ್ಲಿಯೂ ಅದು ನಡೆಯುತ್ತಿದೆ. ಆ ಡೋಸ್ ಕೊಡಲು ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರ ಕೈಯಲ್ಲಿಯೇ ಹಳೆಯ ಚೀಟಿಗಳನ್ನೂ ತರಿಸಿಕೊಳ್ಳಬಹುದು. ಮೊದಲ ಟ್ಯೂಬ್ ಬರೆದುಕೊಟ್ಟ ದಿನಾಂಕ ಅವುಗಳ ಮೇಲೆಯೇ ಇರುತ್ತದೆ.